ಕಬ್ಬನ್ ಪಾರ್ಕ್: ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ನಡೆಯುವುದು ನನಗೆ ಹಳೆಯ ರೂಢಿ. ನೆಂಟರು, ಸ್ನೇಹಿತರು, ಅವರ ಮಕ್ಕಳು ಜೊತೆಗೆ ಬರುತ್ತಾರೆ. ದಾರಿಯಲ್ಲಿ ಪ್ರಶ್ನೆ ಕೇಳುತ್ತಾರೆ. ಮನೆಗೆ ಹೋದ ಮೇಲೂ ಬರೆದು ಕೇಳುತ್ತಾರೆ. ಅವೇ ಪ್ರಶ್ನೆಗಳು ಪದೇ ಪದೇ ಬರುವುದರಿಂದ ಎಲ್ಲವನ್ನೂ ಒಂದೆಡೆ ಸೇರಿಸಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ತಲೆಕೆಡಿಸುವುದು ಕೊನೆಗೆ.

## ಮೊದಲ ಸಲ ಬರುವವರು ಕೇಳುವುದು

ಕಬ್ಬನ್ ಪಾರ್ಕ್ ಅಂದ್ರೆ ಎಲ್ಲಿಂದ ಎಲ್ಲಿವರೆಗೆ? ಯಾವ ಕಡೆ ಹೋದ್ರೂ ಮರಾನೇ ಕಾಣುತ್ತೆ.

ಬೆಂಗಳೂರಿನ ನಟ್ಟನಡುವೆ ಇದೆ. ಒಂದು ಕಡೆ ಕಸ್ತೂರಬಾ ರಸ್ತೆ, ಇನ್ನೊಂದು ಕಡೆ ವಿಧಾನಸೌಧದ ಎದುರಿನ ಅಂಬೇಡ್ಕರ್ ಬೀದಿ. ನೃಪತುಂಗ ರಸ್ತೆ ಮತ್ತು ಹಡ್ಸನ್ ವೃತ್ತದ ಕಡೆಯಿಂದಲೂ ಒಳಗೆ ಬರಬಹುದು. ಹೈಕೋರ್ಟ್, ಕೇಂದ್ರ ಗ್ರಂಥಾಲಯ, ಸರ್ಕಾರಿ ವಸ್ತುಸಂಗ್ರಹಾಲಯ, ಬಾಲಭವನ ಎಲ್ಲವೂ ಈ ಹಸಿರಿನ ಒಳಗೋ ಅಂಚಿಗೋ ಇವೆ. ಹಾಗಾಗಿ ಪಾರ್ಕ್ ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಮೊದಲ ಸಲ ಬಂದವರು ದಾರಿ ತಪ್ಪುವುದು ಸಹಜ. ಕೆಂಪು ಬಣ್ಣದ ಗ್ರಂಥಾಲಯವನ್ನು ಗುರುತಾಗಿ ಇಟ್ಟುಕೊಳ್ಳಿ, ಅಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು.

ಟಿಕೆಟ್ ಇದೆಯಾ? ಮೆಟ್ರೋದಲ್ಲಿ ಬಂದ್ರೆ ಎಲ್ಲಿ ಇಳಿಬೇಕು?

ಪಾರ್ಕಿಗೆ ಟಿಕೆಟ್ ಇಲ್ಲ. ಒಳಗಿರುವ ವಸ್ತುಸಂಗ್ರಹಾಲಯದಂಥ ಕಡೆ ಮಾತ್ರ ದುಡ್ಡು ಕೊಡಬೇಕು. ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ. ನೆಲದಡಿಯ ಈ ನಿಲ್ದಾಣ 2016ರಲ್ಲಿ ಶುರುವಾಯಿತು. ವಿಧಾನಸೌಧ, ಹೈಕೋರ್ಟ್ ಕಡೆಯಿಂದ ನೋಡುತ್ತಾ ಬರಬೇಕು ಅನ್ನುವವರು ಪಕ್ಕದ ವಿಧಾನಸೌಧ ನಿಲ್ದಾಣದಲ್ಲಿ ಇಳಿದರೆ ಅನುಕೂಲ.

ಲಾಲ್‌ಬಾಗ್ ನೋಡಿ ಆಗಿದೆ. ಇಲ್ಲಿ ಬೇರೆ ಏನಿದೆ?

ಲಾಲ್‌ಬಾಗ್ ಸಸ್ಯಶಾಸ್ತ್ರದ ತೋಟ. ಹೈದರಾಲಿ 1760ರಲ್ಲಿ ಶುರು ಮಾಡಿದ್ದು. ಅದಕ್ಕೆ ಗೋಡೆ, ಗೇಟು, ಗಾಜಿನ ಮನೆ, ಫಲಪುಷ್ಪ ಪ್ರದರ್ಶನ ಎಲ್ಲ ಇದೆ. ಅಲ್ಲಿಗೆ ಜನ ಏನಾದರೂ ನೋಡಲು ಹೋಗುತ್ತಾರೆ. ಕಬ್ಬನ್ ಪಾರ್ಕಿಗೆ ಸುಮ್ನೆ ಇರಲು ಬರುತ್ತಾರೆ. ಕೋರ್ಟಿನ ಕೆಲಸಕ್ಕೆ ಊರಿಂದ ಬಂದವರು ಬುತ್ತಿ ಬಿಚ್ಚುವ ಜಾಗ ಇದು. ಕೆಲಸ ಹುಡುಕಿ ಬಂದ ಹುಡುಗರು ಇಂಟರ್‌ವ್ಯೂಗೆ ಮುಂಚೆ ಬಂಡೆ ಮೇಲೆ ಕೂತು ಓದಿಕೊಳ್ಳುವ ಜಾಗ. ಎರಡನ್ನೂ ಹೋಲಿಸಿ ಯಾವುದು ಮೇಲು ಅನ್ನುವುದು ಸರಿಯಲ್ಲ. ಆದರೆ ಒಂದೇ ಆರಿಸಿಕೊ ಅಂದರೆ ನನ್ನ ಕಾಲು ಇಲ್ಲಿಗೇ ಬರುತ್ತದೆ.

ಮಕ್ಕಳನ್ನ ಕರ್ಕೊಂಡು ಬರ್ತಿದ್ದೀವಿ. ಅವರಿಗೆ ಬೇಜಾರಾಗಲ್ವಾ?

ಆಗುವುದಿಲ್ಲ. ಬಾಲಭವನದಲ್ಲಿ ಪುಟಾಣಿ ಎಕ್ಸ್‌ಪ್ರೆಸ್ ಇದೆ. ಈಗ ಮೊಮ್ಮಕ್ಕಳನ್ನು ಕರೆತರುವ ಎಷ್ಟೋ ಅಜ್ಜ ಅಜ್ಜಿಯರು ತಾವೂ ಆ ರೈಲಿನಲ್ಲಿ ಕೂತವರೇ. ಕಸ್ತೂರಬಾ ರಸ್ತೆಯ ಕಡೆ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಇದೆ. 1962ರಲ್ಲಿ ನೆಹರು ಉದ್ಘಾಟಿಸಿದ್ದು. ಅಲ್ಲಿ ಒಳಗೆ ಹೋದ ಮಕ್ಕಳನ್ನು ಹೊರಗೆ ತರುವುದೇ ಕಷ್ಟ. ಸೋಮವಾರ ಕೆಲವಕ್ಕೆ ರಜೆ ಇರುತ್ತದೆ, ವಿಚಾರಿಸಿಕೊಂಡು ಹೊರಡಿ.

ಇದೆಲ್ಲ ಬೇಡ ಅಂದರೂ ಪರವಾಗಿಲ್ಲ. ಮಳೆಮರದ ಕೆಳಗೆ ಬಿದ್ದಿರುವ ಕಪ್ಪು ಕಾಯಿಯನ್ನು ಮುರಿದು ತೋರಿಸಿ. ಒಳಗೆ ಬೆಲ್ಲದ ಪಾಕದಂತೆ ಅಂಟು ಇರುತ್ತದೆ. ಬೆರಳಿಗೆ ಅಂಟಿದರೆ ಬೇಗ ಬಿಡುವುದಿಲ್ಲ. ಹಸುಗಳಿಗೆ ಅದು ತುಂಬಾ ಇಷ್ಟ.

## ಇತಿಹಾಸದ ಪ್ರಶ್ನೆಗಳು

ಇದು ಹಿಂದೆ ಕಾಡಾಗಿತ್ತಾ? ಕಾಡು ಉಳಿಸಿ ಪಾರ್ಕ್ ಮಾಡಿದ್ರಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಉತ್ತರ: ಇಲ್ಲ. ಕಣ್ಣಿಗೆ ಕಾಡಿನ ಹಾಗೆ ಕಂಡರೂ ಇದು ಜನ ಕೈಯಾರೆ ನೆಟ್ಟು ಬೆಳೆಸಿದ್ದು.

ಇದು ಹುಟ್ಟಿದ್ದು ಎರಡು ಊರುಗಳ ನಡುವೆ. ಪಶ್ಚಿಮಕ್ಕೆ ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ. ಪೂರ್ವಕ್ಕೆ ಬ್ರಿಟಿಷರು 1809ರಲ್ಲಿ ನೆಲೆ ಹೂಡಿದ ದಂಡು, ಅಂದರೆ ಕಂಟೋನ್ಮೆಂಟ್. ಪೇಟೆಯ ಮಾತು, ಊಟ, ಕಸುಬು ಒಂದು ಥರ. ದಂಡಿನದು ಇನ್ನೊಂದು ಥರ. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ವಾಪಸ್ ಬಂದ ಮೇಲೂ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲೇ 1947ರವರೆಗೆ ಉಳಿಯಿತು. ಎರಡೂ ಕಡೆಯ ಪುರಸಭೆಗಳು ಕೂಡಿ ಒಂದೇ ನಗರಪಾಲಿಕೆ ಆಗಿದ್ದು 1949ರಲ್ಲಿ. ಅಲ್ಲಿಯವರೆಗೆ ಈ ಎರಡರ ನಡುವೆ ಇದ್ದ ಬಯಲೇ ಪಾರ್ಕ್ ಆಗಿತ್ತು.

ಅಲ್ಲಿ ಮೊದಲೇ ಇದ್ದದ್ದು ಬಂಡೆ. ಮರಗಳ ನಡುವೆ ಅಲ್ಲಲ್ಲಿ ಎದ್ದಿರುವ ಕಲ್ಲುಬಂಡೆಗಳನ್ನು ಯಾರೂ ತಂದು ಹಾಕಿದ್ದಲ್ಲ. ಪಾರ್ಕ್ ಮಾಡಿದವರು ಅವನ್ನು ಒಡೆಯದೆ ಹಾಗೇ ಬಿಟ್ಟು ಸುತ್ತ ಗಿಡ ನೆಟ್ಟರು. ಬೆಳಗಿನ ಹೊತ್ತು ಆ ಬಂಡೆ ಮೇಲೆ ಅಂಗೈ ಇಟ್ಟು ನೋಡಿ, ತಣ್ಣಗೆ ಇರುತ್ತದೆ. ಸಂಜೆ ಅದೇ ಬಂಡೆ ಬೆಚ್ಚಗೆ. ಪಾರ್ಕಿನಲ್ಲಿ ನನಗೆ ಅತಿ ಇಷ್ಟವಾದ ವಸ್ತು ಅದು.

ಇದನ್ನ ಮಾಡಿಸಿದ್ದು ಯಾರು? ಯಾವಾಗ?

1870ರಲ್ಲಿ. ಆಗ ಮೈಸೂರು ರಾಜ್ಯದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಇದರ ನಕ್ಷೆ ಹಾಕಿದರು. ಹೌದು, ಮಲ್ಲೇಶ್ವರದ ಕಡೆಯ ಸ್ಯಾಂಕಿ ಕೆರೆ ಇದೆಯಲ್ಲ, ಅದೂ ಅವರ ಹೆಸರಿನದೇ. ಕೆರೆ ಆಗಿದ್ದು 1882ರಲ್ಲಿ. ಹೈಕೋರ್ಟಿನ ಕೆಂಪು ಕಟ್ಟಡವೂ ಅವರದೇ ವಿನ್ಯಾಸ. ಆಗ ಅದು ಸರ್ಕಾರದ ಹೊಸ ಕಚೇರಿ.

ಆ ಕಚೇರಿ ಕಟ್ಟಡದ ಎದುರು ದೊಡ್ಡ ತೋಟ ಇರಬೇಕು ಅನ್ನುವುದು ಆ ಕಾಲದ ಲೆಕ್ಕ. ನೇರವಾದ ಸಾಲುಮರದ ದಾರಿಗಳು, ನಡುವೆ ಹೂವಿನ ಪಾತಿಗಳು, ಆಚೆ ಈಚೆ ದಟ್ಟ ತೋಪು. ನಡೆಯುವಾಗ ಗಮನಿಸಿ: ನೇರ ದಾರಿಯಿಂದ ಹತ್ತು ಹೆಜ್ಜೆ ಪಕ್ಕಕ್ಕೆ ಹೋದರೆ ಸಾಲು ಮುರಿದು ಕಾಡಿನ ಭಾವ ಬರುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ ಅಂತ ನನಗೆ ಅನಿಸುತ್ತದೆ.

ಬೋರ್ಡಲ್ಲಿ ಚಾಮರಾಜೇಂದ್ರ ಉದ್ಯಾನ ಅಂತಿದೆ. ನಾವೆಲ್ಲ ಕಬ್ಬನ್ ಪಾರ್ಕ್ ಅಂತೀವಿ. ಯಾವುದು ಸರಿ?

ಎರಡೂ ಸರಿ. ಹುಟ್ಟಿದಾಗ ಇದಕ್ಕೆ ಇದ್ದ ಹೆಸರು ಮೀಡ್ಸ್ ಪಾರ್ಕ್. 1870ರಲ್ಲಿ ಮೈಸೂರಿನ ಆಡಳಿತ ನೋಡುತ್ತಿದ್ದ ಮೀಡ್ ಎಂಬ ಅಧಿಕಾರಿಯ ಹೆಸರು. ಆಮೇಲೆ ಅದು ಕಬ್ಬನ್ ಪಾರ್ಕ್ ಆಯಿತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬ ಬಂತು. ಆಗ ಅವರ ತಂದೆಯ ನೆನಪಿಗೆ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಹೆಸರಿಟ್ಟರು. ಚಾಮರಾಜೇಂದ್ರ ಒಡೆಯರ ಪ್ರತಿಮೆಯೂ ಒಳಗೆ ಇದೆ.

ಸರ್ಕಾರಿ ಕಾಗದದಲ್ಲಿ ಇಂದಿಗೂ ಈ ಹೆಸರೇ. ಆಟೋದವರ ಬಾಯಲ್ಲಿ ಮಾತ್ರ ಕಬ್ಬನ್ ಪಾರ್ಕ್. ಸುಮಾರು ನೂರು ವರ್ಷ ಆದರೂ ಬದಲಾಗಿಲ್ಲ ಅಂದಮೇಲೆ ಇನ್ನು ಬದಲಾಗುವುದು ಕಷ್ಟ ಅಲ್ವಾ?

ಕಬ್ಬನ್ ಯಾರು? ಅವರೇ ಗಿಡ ನೆಡಿಸಿದ್ರಾ?

ಇಲ್ಲ. ಪಾರ್ಕ್ ಶುರುವಾಗುವ ಹೊತ್ತಿಗೆ ಅವರು ತೀರಿಹೋಗಿ ಒಂಬತ್ತು ವರ್ಷ ಆಗಿತ್ತು. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಸೇನಾಧಿಕಾರಿ. ಆಗ ರಾಜ್ಯದ ಆಡಳಿತ ಬ್ರಿಟಿಷರ ಕೈಲಿತ್ತು. 1861ರಲ್ಲಿ ಕೆಲಸ ಬಿಟ್ಟು ತಮ್ಮೂರಿಗೆ ಹೊರಟವರು ದಾರಿಯಲ್ಲೇ, ಸೂಯೆಜ್‌ನಲ್ಲಿ ಪ್ರಾಣ ಬಿಟ್ಟರು.

ಕುದುರೆ ಮೇಲೆ ಕೂತ ಅವರ ಪ್ರತಿಮೆಯನ್ನು ಮರೊಚೆಟ್ಟಿ ಎಂಬ ಶಿಲ್ಪಿ ಮಾಡಿದ್ದು. ಅದು ಬಹಳ ಕಾಲ ಹೈಕೋರ್ಟ್ ಕಟ್ಟಡದ ಮುಂದೆ ಇತ್ತು. 2020ರಲ್ಲಿ ಪಾರ್ಕಿನ ಒಳಗೆ ತಂದು ನಿಲ್ಲಿಸಿದರು. ತಮ್ಮ ಹೆಸರಿನ ಪಾರ್ಕಿನೊಳಗೆ ಅವರು ಬಂದಿದ್ದು ಹೀಗೆ, ಬಹಳ ತಡವಾಗಿ.

ಒಳಗೆ ಎರಡು ಕೆಂಪು ಕಟ್ಟಡ ಇವೆ. ಯಾವುದು ಅಠಾರ ಕಚೇರಿ?

ವಿಧಾನಸೌಧದ ಎದುರಿಗೆ ಉದ್ದಕ್ಕೆ ಇರುವುದು ಅಠಾರ ಕಚೇರಿ, ಅಂದರೆ ಹೈಕೋರ್ಟ್. ಗುಲಾಬಿ ತೋಟದ ಹಿಂದೆ ಇರುವುದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅಂದರೆ ಕೇಂದ್ರ ಗ್ರಂಥಾಲಯ.

ಅಠಾರ ಅಂದರೆ ಹಿಂದೂಸ್ಥಾನಿಯಲ್ಲಿ ಹದಿನೆಂಟು. ಸರ್ಕಾರದ ಹದಿನೆಂಟು ಇಲಾಖೆಗಳು ಇದ್ದ ಕಚೇರಿ. ಅದಕ್ಕೂ ಮುಂಚೆ ಆ ಕಚೇರಿಗಳೆಲ್ಲ ಪೇಟೆಯ ಕಡೆ, ಟಿಪ್ಪು ಸುಲ್ತಾನನ ಬೇಸಿಗೆ ಅರಮನೆಯಲ್ಲಿ ನಡೆಯುತ್ತಿದ್ದವು. ಜಾಗ ಸಾಲದೆ 1868ರಲ್ಲಿ ಹೊಸ ಕಟ್ಟಡ ಆಯಿತು. ಎರಡು ವರ್ಷಕ್ಕೆ ಎದುರಿನ ಪಾರ್ಕ್. ಇಲಾಖೆಗಳು ವಿಧಾನಸೌಧಕ್ಕೆ ಹೋಗಿದ್ದು 1956ರ ನಂತರ.

1980ರ ದಶಕದಲ್ಲಿ ಅಠಾರ ಕಚೇರಿಯನ್ನು ಕೆಡವಿ ಹೊಸದು ಕಟ್ಟುವ ಯೋಚನೆ ಬಂದಿತ್ತು. ಜನ ಒಪ್ಪಲಿಲ್ಲ, ಕೋರ್ಟಿಗೆ ಹೋದರು. ಕೆಡವಬೇಕು ಅಂತಿದ್ದ ಕಟ್ಟಡದ ಒಳಗೇ ಆ ಕಟ್ಟಡದ ಬಗ್ಗೆ ವಾದ ನಡೆಯಿತು. ಇವತ್ತು ಅದು ನಿಂತಿದೆ. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ನೆನಪಿನ ಭವನದಲ್ಲಿ 1915ರಲ್ಲಿ ಸಾರ್ವಜನಿಕ ಗ್ರಂಥಾಲಯ ಶುರುವಾಯಿತು. ಒಳಗೆ ಹೋಗಿ ಒಂದು ದಿನಪತ್ರಿಕೆ ಹಿಡಿದು ಕೂತು ನೋಡಿ. ಫ್ಯಾನಿನ ಸದ್ದು, ಹಾಳೆ ತಿರುವುವ ಸದ್ದು, ಕಿಟಕಿಯಾಚೆ ಮರ. ಅಷ್ಟೇ.

ವಿಕ್ಟೋರಿಯಾ ರಾಣಿ ಪ್ರತಿಮೆ ಇನ್ನೂ ಯಾಕೆ ಇಟ್ಟಿದ್ದಾರೆ?

ಕೇಳಬೇಕಾದ ಪ್ರಶ್ನೆಯೇ. ಈ ಬಿಳಿ ಅಮೃತಶಿಲೆಯ ಪ್ರತಿಮೆಯನ್ನು 1906ರಲ್ಲಿ ಆಗಿನ ವೇಲ್ಸ್ ರಾಜಕುಮಾರ ಬಂದು ಅನಾವರಣ ಮಾಡಿದರು. ಅವರೇ ಮುಂದೆ ಐದನೇ ಜಾರ್ಜ್ ಆದರು. ರಾಣಿಯ ಮಗ ಏಳನೇ ಎಡ್ವರ್ಡ್ ಪ್ರತಿಮೆಯೂ ಪಾರ್ಕಿನಲ್ಲಿದೆ. ರಾಣಿ ನಿಂತಿರುವುದು ದಂಡಿನ ಕಡೆಯ ಅಂಚಿನಲ್ಲಿ. ಅಂದರೆ ಪೇಟೆಯಿಂದ ನಡೆದು ಬಂದವನಿಗೆ ಇಲ್ಲಿಂದ ಮುಂದೆ ನಮ್ಮ ಆಡಳಿತ ಅಂತ ಬ್ರಿಟಿಷರು ಹೇಳುವ ಜಾಗ.

ನನ್ನ ಅಭಿಪ್ರಾಯ ಕೇಳಿದರೆ, ಅದು ಅಲ್ಲೇ ಇರಲಿ. ಒಂದು ಕಾಲದಲ್ಲಿ ಈ ಊರು ಎರಡಾಗಿತ್ತು ಅನ್ನುವುದನ್ನು ಮಕ್ಕಳಿಗೆ ತೋರಿಸಲು ಅದಕ್ಕಿಂತ ಸ್ಪಷ್ಟವಾದ ಗುರುತು ಇಲ್ಲ. ಒಪ್ಪದವರೂ ನನ್ನ ಜೊತೆ ನಡೆಯುತ್ತಾರೆ. ಅವರ ಮಾತಿನಲ್ಲೂ ನ್ಯಾಯ ಇದೆ.

ವಸ್ತುಸಂಗ್ರಹಾಲಯದಲ್ಲಿ ನಾಯಿಯ ಕಲ್ಲು ಇದೆ ಅಂತಾರೆ. ನಿಜಾನಾ?

ನಿಜ. ಆತಕೂರು ಶಾಸನ ಅಂತ ಅದರ ಹೆಸರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ್ದು. ಕ್ರಿ.ಶ. 949ರ ಕಾಲದ್ದು. ಗಂಗರ ದೊರೆ ಬೂತುಗನ ಬಂಟ ಮಣಲೇರ ಯುದ್ಧದಲ್ಲಿ ಪರಾಕ್ರಮ ತೋರಿಸಿದ. ದೊರೆ ಮೆಚ್ಚಿ ಏನು ಬೇಕು ಕೇಳು ಅಂದ. ಮಣಲೇರ ಭೂಮಿ ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ಕಾಳಿ ಕಾಡುಹಂದಿಯ ಜೊತೆ ಕಾದಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ದತ್ತಿ ಬಿಟ್ಟು, ಕನ್ನಡದಲ್ಲಿ ಬರೆಸಿದರು.

ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಎದುರುಬದುರು ನಿಂತ ಚಿತ್ರ ಕೆತ್ತಿದ್ದಾರೆ. ಸಾವಿರ ವರ್ಷ ದಾಟಿದರೂ ಆ ಸೆಣಸಾಟದ ಬಿಗಿ ಹೋಗಿಲ್ಲ. ಈ ಕಲ್ಲು ಇರುವ ಸರ್ಕಾರಿ ವಸ್ತುಸಂಗ್ರಹಾಲಯವನ್ನು 1865ರಲ್ಲಿ, ಆಗ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಆರಂಭಿಸಿದರು. ಈಗಿನ ಕೆಂಪು ಕಟ್ಟಡ 1877ರದು. ಹೋಗುವ ಮುನ್ನ ಬಾಗಿಲು ತೆರೆದಿದೆಯಾ ಅಂತ ಕೇಳಿಕೊಳ್ಳಿ.

## ಮರ, ಹೂವು, ಹಕ್ಕಿ

ಎಷ್ಟು ಮರ ಇವೆ? ಎಲ್ಲ ನಮ್ಮ ಕಡೆಯವೇನಾ?

ಸುಮಾರು 6000 ಮರಗಳು ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಜಾತಿಗಳು 90ಕ್ಕೂ ಜಾಸ್ತಿ. ಎಲ್ಲವೂ ನಮ್ಮ ಕಡೆಯವಲ್ಲ. ಹಲಸು, ಆಲ, ಅತ್ತಿ, ಕಕ್ಕೆ, ಹೊಂಗೆ ನಮ್ಮವು. ಗುಲ್‌ಮೊಹರ್ ಮಡಗಾಸ್ಕರ್‌ನದು. ಮಳೆಮರ, ಜಕರಂಡ, ಟಬೆಬುಯಾ ಅಮೆರಿಕದ ಕಡೆಯವು. ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು.

ಸಿಲ್ವರ್ ಓಕ್ ಬಗ್ಗೆ ಒಂದು ಮಾತು. ಹೆಸರಲ್ಲಿ ಓಕ್ ಇದ್ದರೂ ಅದು ಓಕ್ ಜಾತಿಯೇ ಅಲ್ಲ. ಎಲೆಯ ಹಿಂಬದಿ ಬೆಳ್ಳಿಯಂತೆ ಹೊಳೆಯುತ್ತದೆ, ಅದಕ್ಕೆ ಆ ಹೆಸರು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೂ, ಮೆಣಸಿನ ಬಳ್ಳಿ ಹಬ್ಬಿಸಲೂ ಬೆಳೆಸುವ ಮರವೇ ಇದು. ಮಲೆನಾಡಿನಿಂದ ಬಂದವರು ಇಲ್ಲಿ ಅದನ್ನು ಕಂಡ ಕೂಡಲೇ ಮನೆ ನೆನಪು ಅನ್ನುತ್ತಾರೆ.

ಹೊರಗಿನ ಮರ ಅಂತ ಇವನ್ನು ಬೇರೆ ಮಾಡಿ ನೋಡುವುದು ನನಗೆ ಇಷ್ಟವಿಲ್ಲ. ನೂರು ವರ್ಷ ಇಲ್ಲಿನ ಮಳೆ ಕುಡಿದವು ಅವು. ಹೊಸದಾಗಿ ನೆಡುವಾಗ ಮಾತ್ರ ನಮ್ಮ ನೆಲದ ಜಾತಿಗಳಿಗೆ ಮೊದಲ ಜಾಗ ಕೊಡಬೇಕು. ಇಲ್ಲಿನ ಹಕ್ಕಿ, ಚಿಟ್ಟೆಗಳಿಗೆ ಹಣ್ಣು ಎಲೆ ಜಾಸ್ತಿ ಸಿಗುವುದು ಅವುಗಳಲ್ಲೇ.

ಯಾವ ತಿಂಗಳು ಬಂದ್ರೆ ಹೂ ಚೆನ್ನಾಗಿರುತ್ತೆ?

ಈ ಊರಿನಲ್ಲಿ ಒಂದಾದ ಮೇಲೆ ಒಂದು ಮರ ಹೂ ಬಿಡುತ್ತಲೇ ಇರುತ್ತದೆ. ಅದು ಸುಮ್ನೆ ಆಗಿದ್ದಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್, ವರ್ಷವಿಡೀ ಎಲ್ಲಾದರೂ ಹೂ ಇರುವ ಹಾಗೆ ಬೀದಿಗಳಿಗೆ ಮರ ಆರಿಸಿದರು.

ಗುಲಾಬಿ ಟಬೆಬುಯಾ ನವೆಂಬರ್ ಡಿಸೆಂಬರ್ ಹೊತ್ತಿಗೊಮ್ಮೆ, ಬೇಸಿಗೆಯ ಶುರುವಿಗೆ ಇನ್ನೊಮ್ಮೆ ಅರಳುತ್ತದೆ. ಹಳದಿ ಟಬೆಬುಯಾ ಫೆಬ್ರವರಿ ಮಾರ್ಚ್‌ನಲ್ಲಿ. ಜಕರಂಡದ ನೀಲಿ ನೇರಳೆ ಅದರ ಹಿಂದೆಯೇ. ಏಪ್ರಿಲ್ ಮೇನಲ್ಲಿ ಗುಲ್‌ಮೊಹರ್, ಕಕ್ಕೆ. ಮಳೆ ಮುಗಿದ ಮೇಲೆ ಆಕಾಶಮಲ್ಲಿಗೆ, ಅದನ್ನು ಮೂಗಿನಿಂದಲೇ ಕಂಡುಹಿಡಿಯಬಹುದು.

ಆದರೆ ಎಲ್ಲರೂ ಫೋಟೊ ತೆಗೆಯುವ ಟಬೆಬುಯಾಗಿಂತ ನನ್ನ ಮನಸ್ಸು ಹೊಂಗೆಯ ಕಡೆ. ಯುಗಾದಿ ಹತ್ತಿರ ಬಂದಾಗ ಬೋಳಾದ ಹೊಂಗೆ ಒಂದೇ ವಾರದಲ್ಲಿ ತಿಳಿಹಸಿರು ಎಲೆ ತುಂಬಿಕೊಳ್ಳುತ್ತದೆ. ಅದರ ಹಿಂದೆಯೇ ಅಕ್ಕಿಯಷ್ಟು ಚಿಕ್ಕ ಹೂಗಳು ಉದುರುತ್ತವೆ. ತಲೆ ಎತ್ತಿದರೆ ಹೂ ಕಾಣುವುದಿಲ್ಲ, ನೆಲ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಬೆಳಗ್ಗೆ ಕಸ ಗುಡಿಸುವ ಅಮ್ಮಂದಿರು ಗುಡಿಸಿ ಮುಗಿಸುವಷ್ಟರಲ್ಲಿ ಹಿಂದೆ ಮತ್ತೆ ಬಿದ್ದಿರುತ್ತದೆ.

ಬಿದಿರು ಒಣಗಿ ನಿಂತಿತ್ತು. ಯಾರೂ ನೀರು ಹಾಕ್ಲಿಲ್ವಾ?

ನೀರಿನ ತಪ್ಪೇ ಆಗಿರಬೇಕಿಲ್ಲ. ಬಿದಿರು ಹುಲ್ಲಿನ ಜಾತಿ. ಅದರ ಹಲವು ಬಗೆಗಳು ದಶಕಗಳಿಗೊಮ್ಮೆ ಹೂ ಬಿಡುತ್ತವೆ. ಹೂ ಬಿಟ್ಟು, ಅಕ್ಕಿ ಕಟ್ಟಿ, ಆಮೇಲೆ ಇಡೀ ಮೆಳೆ ಸಾಯುತ್ತದೆ. ಬಿದಿರು ಹೂ ಬಿಟ್ಟರೆ ಬರಗಾಲ ಅಂತ ಹಳಬರು ಹೆದರುತ್ತಿದ್ದರು. ಬಿದಿರಕ್ಕಿ ತಿಂದು ಇಲಿಗಳು ಹೆಚ್ಚಿ, ಹೊಲದ ಮೇಲೆ ಬೀಳುವುದರಿಂದ ಆ ಮಾತಿಗೆ ಆಧಾರವೂ ಇದೆ. ಬಿದ್ದ ಬೀಜದಿಂದ ಹೊಸ ಮೆಳೆ ಬರುತ್ತದೆ.

ದೊಡ್ಡವರಿಗೂ ಒಂದು ವಿನಂತಿ: ಬಿದಿರಿನ ಗಳದ ಮೇಲೆ ಹೆಸರು ಕೆತ್ತಬೇಡಿ. ಆ ಗಾಯ ಮಾಯುವುದಿಲ್ಲ. ಎಷ್ಟೋ ಜೋಡಿ ಹೆಸರುಗಳು ಅಲ್ಲಿವೆ. ಗಾಳಿ ಬೀಸಿದಾಗ ಗಳಗಳು ಒಂದಕ್ಕೊಂದು ಉಜ್ಜಿ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತವೆ. ಅದನ್ನು ಕೇಳಿಸಿಕೊಂಡು ಬನ್ನಿ.

ಮುಂಗಾರು ಇನ್ನೂ ಬಂದಿರಲ್ಲ, ಅಷ್ಟರಲ್ಲೇ ಮರ ಬೀಳ್ತಾವೆ. ಯಾಕೆ?

ಏಪ್ರಿಲ್ ಮೇ ತಿಂಗಳ ಮಳೆ ಗಾಳಿಯನ್ನು ಜೊತೆಗೆ ಕರೆತರುತ್ತದೆ. ಅದೇ ಹೊತ್ತಿಗೆ ಗುಲ್‌ಮೊಹರ್‌ನಂಥ ಮರಗಳ ತಲೆ ಎಲೆ ಹೂವಿನಿಂದ ಭಾರ. ಅವುಗಳ ಬೇರು ಆಳಕ್ಕೆ ಹೋಗುವುದಕ್ಕಿಂತ ಅಗಲಕ್ಕೆ ಹರಡುವುದು ಜಾಸ್ತಿ. ಕೊಂಬೆಯೂ ಮೆದು. ಮರಕ್ಕೆ ವಯಸ್ಸಾಗಿ ಒಳಗೆ ಟೊಳ್ಳಾಗಿದ್ದರೆ ಮುಗಿಯಿತು.

ಇದರಲ್ಲಿ ನಮ್ಮ ಪಾಲೂ ಇದೆ. ಕೇಬಲ್, ಪೈಪ್ ಹಾಕಲು ಅಗೆದಾಗ ಒಂದು ಬದಿಯ ಬೇರು ಕತ್ತರಿಸಿ ಹೋಗುತ್ತದೆ. ಬುಡದ ಸುತ್ತ ಸಿಮೆಂಟ್ ಮೆತ್ತಿದರೆ ಬೇರಿಗೆ ಗಾಳಿ, ನೀರು ಇಲ್ಲ. ಕೆಲವು ವರ್ಷಗಳ ಹಿಂದೆ ಬಿದ್ದ ಒಂದು ಮಳೆಮರದ ಬುಡವನ್ನು ಹತ್ತಿರದಿಂದ ನೋಡಿದೆ. ರಸ್ತೆ ಕಡೆಯ ಬೇರುಗಳು ಗರಗಸ ಇಟ್ಟ ಹಾಗೆ ನೇರವಾಗಿ ತುಂಡಾಗಿದ್ದವು. ಅವು ಮುರಿದಿದ್ದು ಆ ರಾತ್ರಿಯ ಗಾಳಿಗಲ್ಲ, ಕತ್ತರಿಸಿದ ಗುರುತು ಹಳೆಯದಾಗಿ ಕಪ್ಪಗಾಗಿತ್ತು. ಆ ಮರದ ಕೆಳಗೆ ನಾನು ಎಷ್ಟೋ ಸಲ ಕೂತಿದ್ದೆ. ಅವತ್ತು ಮುಂದೆ ನಡೆಯಲು ಆಗಲಿಲ್ಲ, ವಾಪಸ್ ಬಂದೆ.

ಗಾಳಿ ಜೋರಾದರೆ ಮರದ ಕೆಳಗೆ ನಿಲ್ಲಬೇಡಿ, ಗಾಡಿಯನ್ನೂ ನಿಲ್ಲಿಸಬೇಡಿ.

ಟುಕ್ ಟುಕ್ ಅಂತ ಸದ್ದು ಬರುತ್ತೆ, ಯಾವ ಹಕ್ಕಿ?

ಕಂಚುಕುಟಿಗ. ತಾಮ್ರದ ಪಾತ್ರೆಗೆ ಸುತ್ತಿಗೆಯಲ್ಲಿ ಬಡಿದ ಹಾಗೆ ಒಂದೇ ಸಮನೆ ಕೂಗುತ್ತದೆ. ಹಣೆ ಮೇಲೆ ಕುಂಕುಮದಂಥ ಕೆಂಪು ಇರುತ್ತದೆ. ಸದ್ದು ಎಲ್ಲೆಲ್ಲೂ ಇರುತ್ತದೆ, ಹಕ್ಕಿ ಮಾತ್ರ ಬೇಗ ಕಾಣುವುದಿಲ್ಲ. ಹಣ್ಣು ಬಿಟ್ಟ ಆಲ, ಅತ್ತಿ ಹುಡುಕಿ, ಅಲ್ಲಿ ಸಿಗುತ್ತದೆ. ಮೇಲೆ ಸುತ್ತುವುದು ಹದ್ದು. ಸಂಜೆ ಪೊಟರೆಯಿಂದ ಇಣುಕುವುದು ಹಾಲಕ್ಕಿ, ಅಂದರೆ ಪುಟ್ಟ ಗೂಬೆ.

## ಸ್ವಲ್ಪ ಆಳದ ಪ್ರಶ್ನೆಗಳು

ಒಬ್ಬರು 100 ಎಕರೆ ಅಂತಾರೆ, ಒಬ್ಬರು 300, ಪೇಪರಲ್ಲಿ 197. ಯಾವುದು ನಿಜ?

ಶುರುವಾದಾಗ 100 ಎಕರೆ. ಆಮೇಲೆ ಅಕ್ಕಪಕ್ಕದ ಜಾಗ ಸೇರಿಸಿಕೊಂಡು 300 ಎಕರೆ ಆಯಿತು ಅನ್ನುವುದು ಸಾಮಾನ್ಯ ಲೆಕ್ಕ. 197 ಎಕರೆ ಅನ್ನುವುದು ಈಚೆಗೆ ಪತ್ರಿಕೆಗಳಲ್ಲಿ ಬರುವ ಅಂಕಿ.

ನನ್ನ ಮಟ್ಟಿಗೆ ಮುಖ್ಯವಾದದ್ದು ಅಂಕಿಗಿಂತ ಅದರ ಹಿಂದಿನ ಪ್ರಶ್ನೆ. ಯಾವುದನ್ನು ಪಾರ್ಕ್ ಅಂತ ಎಣಿಸಬೇಕು? ಕೋರ್ಟಿನ ಆವರಣ ಸೇರಿಸಬೇಕಾ? ಕ್ಲಬ್ಬು, ಟೆನಿಸ್ ಅಂಗಳ, ವಾಹನ ಓಡುವ ರಸ್ತೆ? ಒಂದೊಂದು ಕಟ್ಟಡ ಬಂದಾಗಲೂ ಇದು ಚಿಕ್ಕ ಜಾಗ ಅಷ್ಟೇ ಅನ್ನುವ ಮಾತು ಬಂದಿರುತ್ತದೆ. ಹಳೆಯ ನಕ್ಷೆ ಮತ್ತು ಇವತ್ತಿನ ಉಪಗ್ರಹ ಚಿತ್ರ ಪಕ್ಕಪಕ್ಕ ಇಟ್ಟು ನೋಡಿದರೆ ಆ ಚಿಕ್ಕ ಜಾಗಗಳು ಒಟ್ಟಿಗೆ ಕಾಣುತ್ತವೆ.

ಒಳಗೆ ಕೆರೆ ಇತ್ತಾ?

ಪಕ್ಕದಲ್ಲೇ ಇತ್ತು, ಸಂಪಂಗಿ ಕೆರೆ. ಸುತ್ತಲಿನ ಬಾವಿಗಳಿಗೆ, ತೋಟಗಳಿಗೆ ಆಸರೆಯಾಗಿದ್ದ ಕೆರೆ. ಈಗ ಅದರ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಇದೆ. ಮೂಲೆಯಲ್ಲಿ ಉಳಿದಿರುವ ಒಂದು ಚಿಕ್ಕ ಕೊಳ ಬೆಂಗಳೂರು ಕರಗದ ಆಚರಣೆಗೆ ಇಂದಿಗೂ ಬೇಕು. ಕೆರೆ ಉಳಿಯಲಿಲ್ಲ, ಪಾರ್ಕ್ ಉಳಿಯಿತು. ಇದನ್ನು ನೆನೆದಾಗಲೆಲ್ಲ ಎದೆ ಭಾರವಾಗುತ್ತದೆ.

ಕಾನೂನಿನ ರಕ್ಷಣೆ ಇದ್ಮೇಲೆ ಪದೇ ಪದೇ ಗಲಾಟೆ ಯಾಕೆ?

1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಕಬ್ಬನ್ ಪಾರ್ಕಿಗೆ ಅನ್ವಯಿಸುತ್ತದೆ. ಆ ಕಾಯ್ದೆ ಕಾಯುವುದು ಪಟ್ಟಿಯಲ್ಲಿ ಇರುವ ಜಾಗವನ್ನು. ಹಾಗಾಗಿ ಜಗಳ ಯಾವಾಗಲೂ ಪಟ್ಟಿಯ ಮೇಲೆ ಬಂದು ನಿಲ್ಲುತ್ತದೆ: ಯಾವುದು ಒಳಗೆ, ಯಾವುದು ಹೊರಗೆ?

1998ರಲ್ಲಿ ಸರ್ಕಾರ ಸುಮಾರು 32 ಎಕರೆಯನ್ನು ಆ ಪಟ್ಟಿಯಿಂದ ಕೈಬಿಡಲು ಹೊರಟಿತು. ಊರು ಸುಮ್ಮನಿರಲಿಲ್ಲ. ಸಾಹಿತಿಗಳು, ವಿದ್ಯಾರ್ಥಿಗಳು, ಬೆಳಗ್ಗೆ ವಾಕಿಂಗ್ ಬರುವ ನಿವೃತ್ತರು, ಎಲ್ಲರೂ ಬೀದಿಗೆ ಬಂದರು. ವಿಷಯ ಹೈಕೋರ್ಟಿಗೂ ಹೋಯಿತು. ಅಲ್ಲಿಂದ ಈಚೆಗೂ ಹಳೆಯ ಕಟ್ಟಡ ಕೆಡವಿ ಬಹುಮಹಡಿ ಕಟ್ಟುವ ಪ್ರಸ್ತಾವಗಳು ಬಂದಿವೆ, ಜನ ಪ್ರತಿ ಸಲವೂ ವಿರೋಧಿಸಿದ್ದಾರೆ.

ಈ ಪಾರ್ಕ್ ಇವತ್ತು ಇರುವುದಕ್ಕೆ ಸ್ಯಾಂಕಿಯ ನಕ್ಷೆ ಎಷ್ಟು ಕಾರಣವೋ ಈ ಜಗಳಗಳೂ ಅಷ್ಟೇ ಕಾರಣ ಅಂತ ನಾನು ನಂಬಿದ್ದೇನೆ.

ಒಳಗಿನ ರಸ್ತೆ ಪೂರ್ತಿ ಮುಚ್ಚಬಾರದಾ?

2015ರಿಂದ ಭಾನುವಾರ ವಾಹನಗಳಿಗೆ ಪ್ರವೇಶ ಇಲ್ಲ. ಉಳಿದ ದಿನ ಕಸ್ತೂರಬಾ ರಸ್ತೆ ಕಡೆಯಿಂದ ಹಡ್ಸನ್ ವೃತ್ತದ ಕಡೆಗೆ ಇದು ಹತ್ತಿರದ ದಾರಿ. ಮುಚ್ಚಿದರೆ ಹೊರಗಿನ ರಸ್ತೆಗಳಲ್ಲಿ ದಟ್ಟಣೆ ಹೆಚ್ಚುತ್ತದೆ ಅನ್ನುವ ವಾದ ಇದೆ. ಕೋರ್ಟಿಗೆ ಬರುವ ವಯಸ್ಸಾದವರ ಕಷ್ಟವೂ ನಿಜ.

ನಾನು ಮುಚ್ಚಬೇಕು ಅನ್ನುವವರ ಪರ. ಭಾನುವಾರ ಬಂದು ನೋಡಿ, ಕಾರಣ ಕಾಣುತ್ತದೆ. ಸೈಕಲ್ ಕಲಿಯುವ ಮಕ್ಕಳು, ಗಾಲಿಕುರ್ಚಿಯಲ್ಲಿ ಬಂದವರು, ಕೈ ಹಿಡಿದು ನಿಧಾನ ನಡೆಯುವ ಅಜ್ಜ ಅಜ್ಜಿ, ಎಲ್ಲರೂ ರಸ್ತೆಯ ನಡುವೆಯೇ ಇರುತ್ತಾರೆ. ಸೋಮವಾರ ಅವರೆಲ್ಲ ಅಂಚಿಗೆ ಸರಿಯಬೇಕು. ಮೆಟ್ರೋ ಬಂದಾಗಿದೆ. ಒಮ್ಮೆಗೇ ಬೇಡ ಅಂದರೆ ಇನ್ನೊಂದು ದಿನ ಸೇರಿಸಿ ನೋಡಬಹುದಲ್ವಾ?

ಹುಟ್ಟುಹಬ್ಬಕ್ಕೆ ಅಲ್ಲಿ ಒಂದು ಗಿಡ ನೆಡಬೇಕು ಅಂತ ಆಸೆ. ನೆಡಬಹುದಾ?

ನಿಮ್ಮಷ್ಟಕ್ಕೆ ನೆಡಬೇಡಿ. ಪಾರ್ಕ್ ತೋಟಗಾರಿಕೆ ಇಲಾಖೆಯದು, ಅವರ ಒಪ್ಪಿಗೆ ಬೇಕು. ದೊಡ್ಡ ಮರದ ನೆರಳಲ್ಲಿ ನೆಟ್ಟ ಗಿಡ ಹೇಗೂ ಮೇಲೇಳುವುದಿಲ್ಲ. ಎಲ್ಲಿ ಮರ ಬಿದ್ದು ಬಿಸಿಲು ಇಳಿದಿದೆಯೋ ಅಲ್ಲಿ ನೆಟ್ಟರೆ ಬೆಳೆಯುತ್ತದೆ, ಆ ಜಾಗ ಅಲ್ಲಿನ ಮಾಲಿಗಳಿಗೇ ಚೆನ್ನಾಗಿ ಗೊತ್ತು. ಅವರನ್ನು ಮಾತಾಡಿಸಿ.

ಆಸೆ ಬಿಡಬೇಕಿಲ್ಲ. ಹೊಂಗೆ ಕಾಯಿ ಒಣಗಿ ನೆಲಕ್ಕೆ ಬಿದ್ದಾಗ ನಾಲ್ಕು ಆರಿಸಿ ಜೇಬಿಗೆ ಹಾಕಿಕೊಳ್ಳಿ. ಸಿಪ್ಪೆ ಬಿಡಿಸಿ ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಮಣ್ಣಿಗೆ ಒತ್ತಿ. ಕೆಲವೇ ದಿನಗಳಲ್ಲಿ ಮೊಳಕೆ ಬರುತ್ತದೆ. ನಮ್ಮ ಬೀದಿಯಲ್ಲಿ ಹಾಗೆ ಬಂದ ಒಂದು ಹೊಂಗೆ ಈಗ ಎರಡನೇ ಮಹಡಿಯ ಕಿಟಕಿ ಮುಟ್ಟಿದೆ. ಮಧ್ಯಾಹ್ನ ತರಕಾರಿ ಗಾಡಿಯವರು ಅದರ ಕೆಳಗೇ ನಿಲ್ಲುತ್ತಾರೆ.